ದಣಿದವನಿಗೆ ಮೊದಲು ರೊಟ್ಟಿ, ಆಮೇಲೆ ಮಾತು

ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆಗಳು ಇನ್ನೂ ಇವೆ. ಅದು ಬಸವಣ್ಣನ ವಾರ. ಹಿಂಗಾರಿ ಜೋಳದ ಬಿತ್ತಿಗೆಗೆ ಹೊಲ ಹದಕ್ಕೆ ಬಂದಿರಲಿ, ಎಡೆ ಹೊಡೆಯುವ ಕೆಲಸ ಬಾಕಿ ಇರಲಿ, ಅಂದು ಎತ್ತುಗಳು ಗೋದಲಿಯ ಮುಂದೆ ಮೇವು ಮೆಲ್ಲುತ್ತ ನಿಂತಿರುತ್ತವೆ. ಟ್ರ್ಯಾಕ್ಟರ್ ಬಂದ ಮೇಲೆ ಈ ಪದ್ಧತಿ ಸವೆದಿದೆ. ಟ್ರ್ಯಾಕ್ಟರಿಗೆ ವಾರವೂ ಇಲ್ಲ, ಹಬ್ಬವೂ ಇಲ್ಲ. ಆದರೂ ಒಕ್ಕಲುತನ ಬಲ್ಲ ಹಿರಿಯರು ಸೋಮವಾರದ ಬಿಡುವನ್ನು ಬರೀ ಭಕ್ತಿಯ ಲೆಕ್ಕಕ್ಕೆ ಹಾಕುವುದಿಲ್ಲ. ಎತ್ತು ಕುಸಿದರೆ ಕಮತವೇ ಕುಸಿಯುತ್ತದೆ ಎಂಬುದು ಅವರಿಗೆ ಗೊತ್ತು.

ಇಂಥದೇ ವಾರದ ಬಿಡುವನ್ನು ಬೈಬಲ್ಲೂ ಹೇಳುತ್ತದೆ: ಅದರ ಹತ್ತು ಆಜ್ಞೆಗಳಲ್ಲಿ ಸಬ್ಬತ್ ಎಂಬ ಬಿಡುವಿನ ದಿನದ್ದೂ ಒಂದು. ಅದನ್ನು ಓದುವಾಗ ನಾವು ಸಾಮಾನ್ಯವಾಗಿ ಆರಾಧನೆಯ ಮಾತನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇವೆ. ಬಿಡುವು ಯಾರಿಗೆಲ್ಲ ಸಿಗಬೇಕೆಂದು ಅಲ್ಲಿ ಒಂದು ಪಟ್ಟಿಯೇ ಇದೆ: ಮಗ, ಮಗಳು, ಆಳು, ದಾಸಿ, ದನಕರು, ಊರಿಗೆ ಬಂದಿರುವ ಪರದೇಶಿ. ವಿಮೋಚನಕಾಂಡದ 23ನೆಯ ಅಧ್ಯಾಯ ಎತ್ತು, ಕತ್ತೆಗಳನ್ನು ಹೆಸರಿಸಿಯೇ ಹೇಳುತ್ತದೆ. ಏಳನೆಯ ವರ್ಷ ಹೊಲವನ್ನೂ ಉಳದೆ ಬೀಳು ಬಿಡಬೇಕು ಎನ್ನುತ್ತದೆ. ದುಡಿಯುವ ಜೀವಕ್ಕೆ ದಣಿವಿದೆ, ಆ ದಣಿವು ತಪ್ಪಲ್ಲ ಎಂಬುದನ್ನು ಒಪ್ಪಿಕೊಂಡೇ ಬರೆದ ಕಟ್ಟಳೆ ಇದು.

ಇಷ್ಟು ಸ್ಪಷ್ಟವಾದ ಮಾತಿದ್ದರೂ ಅದರ ಫಲ ಸಿಗದೆ ಉಳಿದವರು ಒಬ್ಬರಿದ್ದಾರೆ. ಅವರು ಆ ಆಜ್ಞೆಯನ್ನು ಭಾನುವಾರದಂದು ನಮಗೆ ಓದಿ ಹೇಳುವ ಅಯ್ಯನವರೇ. ಎಲ್ಲರಿಗೂ ಬಿಡುವಿನ ದಿನವಾದದ್ದು ಅವರಿಗೆ ವಾರದ ದೊಡ್ಡ ಕೆಲಸದ ದಿನ. ಬೆಳಿಗ್ಗೆ ಆರಾಧನೆ, ಅದಕ್ಕೂ ಮುಂಚೆ ಸಂಡೇ ಸ್ಕೂಲ್, ಮಧ್ಯಾಹ್ನ ಇನ್ನೊಂದು ಹಳ್ಳಿಯ ಕೂಟ, ಸಂಜೆ ಯಾರದೋ ಮನೆಯ ಪ್ರಾರ್ಥನೆ. ವಾರದ ನಡುವೆ ಉಪವಾಸ ಪ್ರಾರ್ಥನೆ, ಸ್ತ್ರೀಯರ ಸಂಘ, ಆಸ್ಪತ್ರೆಯಲ್ಲಿರುವವರ ಭೇಟಿ, ಸಮಾಧಿಯ ಕಾರ್ಯ, ಮದುವೆಯ ಮಾತುಕತೆ, ಮಗುವಿನ ಶಾಲೆಗೆ ಬೇಕಾದ ಪತ್ರ. ಕೊಪ್ಪಳ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಸುಮಾರು 13.9 ಲಕ್ಷ ಜನರಿದ್ದರು. ಅವರಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇರಲಿಲ್ಲ. ಸಭೆ ಸಣ್ಣದಾದಷ್ಟೂ ಕೆಲಸ ಹಂಚಿಕೊಳ್ಳುವ ಕೈಗಳು ಕಡಿಮೆ. ಊರಿಂದ ಊರಿಗೆ ಮೋಟಾರ್ ಸೈಕಲ್ಲಿನ ದಾರಿ ಮಾತ್ರ ದೊಡ್ಡದು.

ಡಿಸೆಂಬರ್ ಬಂದರೆ ಗಂಗಾವತಿ, ಕಾರಟಗಿ ಸುತ್ತಿನ ಕಾಲುವೆ ನೀರಿನ ಊರುಗಳಲ್ಲಿ ಭತ್ತದ ಕೊಯ್ಲು, ಒಕ್ಕಲು ಒಂದು ಕಡೆ; ಕ್ರಿಸ್ಮಸ್ಸಿನ ಸಿದ್ಧತೆ ಇನ್ನೊಂದು ಕಡೆ. ಹಗಲು ಗದ್ದೆಯಲ್ಲಿ ನಿಂತವರೇ ರಾತ್ರಿ ಕ್ಯಾರೊಲ್ಸ್ ಹಾಡುತ್ತ ಮನೆಮನೆಗೆ ತಿರುಗುತ್ತಾರೆ. ಹಬ್ಬ ಮುಗಿಯುವ ಹೊತ್ತಿಗೆ ಗಂಟಲು ಕಟ್ಟಿರುತ್ತದೆ, ಮೈ ನೋಯುತ್ತಿರುತ್ತದೆ, ವರ್ಷಾಂತ್ಯದ ರಾತ್ರಿ ಆರಾಧನೆ ಇನ್ನೂ ಬಾಕಿ ಇರುತ್ತದೆ. ಇದೆಲ್ಲ ಸಂತೋಷದ ದಣಿವು, ಎರಡು ದಿನ ಮಲಗಿದರೆ ಹೋಗುತ್ತದೆ. ಮಲಗಿದರೂ ಹೋಗದ ದಣಿವೊಂದಿದೆ, ಅದು ಬೇರೆ. ಪ್ರಾರ್ಥನೆಯ ಮಾತು ಬಾಯಿಗೆ ಬರುತ್ತದೆ, ಎದೆಗೆ ತಾಕುವುದಿಲ್ಲ. ಫೋನು ಬಂದರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಆ ಸಿಟ್ಟಿನ ಬಗ್ಗೆ ನಾಚಿಕೆ. ಬೇರೆ ಊರಿಗೆ ವರ್ಗವಾದರೆ ಎಲ್ಲ ಸರಿಹೋದೀತು ಎಂಬ ಆಸೆ.

ಇದನ್ನೇ ಈಗ ಬರ್ನ್‌ಔಟ್ ಎನ್ನುತ್ತಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆಂದು ಕರೆಯದೆ, ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಬರುವ ಸ್ಥಿತಿಯೆಂದು ವಿವರಿಸಿತು. ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತುವುದು, ಮಾಡುವ ಕೆಲಸದ ಮೇಲೆಯೇ ಜುಗುಪ್ಸೆ ಹುಟ್ಟುವುದು, ನನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ಕಚೇರಿಯ ನೌಕರನಿಗೆ ಹೀಗಾದರೆ ರಜೆ ಹಾಕುತ್ತಾನೆ. ದೇವರ ಕೆಲಸ ಮಾಡುವವನಿಗೆ ಹೀಗಾದರೆ ತನ್ನ ವಿಶ್ವಾಸವನ್ನೇ ಅನುಮಾನಿಸುತ್ತಾನೆ. ವಿಶ್ವಾಸ ಕಡಿಮೆಯಾಗಿದೆ ಎಂದುಕೊಂಡು ಇನ್ನೊಂದು ದಿನ ಉಪವಾಸ ಹಿಡಿಯುತ್ತಾನೆ, ಇನ್ನೊಂದು ಕೂಟ ಇಟ್ಟುಕೊಳ್ಳುತ್ತಾನೆ. ಬಳಲಿದವನ ತಲೆಯ ಮೇಲೆ ಅವನೇ ಮತ್ತೊಂದು ಹೊರೆ ಏರಿಸಿಕೊಂಡಂತಾಗುತ್ತದೆ.

ಹೀಗೆ ಬಳಲಿದವರಲ್ಲಿ ಬೈಬಲ್ಲಿನ ಪ್ರವಾದಿ ಎಲೀಯನೂ ಒಬ್ಬ. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅದರ ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಗೆದ್ದವನು ಇವನೇ. ಆಮೇಲೆ ರಾಣಿ ಈಜೆಬೆಲಳಿಂದ ಒಂದು ಬೆದರಿಕೆಯ ಮಾತು ಬಂದದ್ದೇ ತಡ, ಜೀವ ಕೈಯಲ್ಲಿ ಹಿಡಿದು ಓಡಿದ. ದಾರಿಯಲ್ಲಿ ಜೊತೆಗಿದ್ದ ಸೇವಕನನ್ನೂ ಬಿಟ್ಟು ಒಬ್ಬನೇ ಅಡವಿಗೆ ಹೋದ. ಒಂದು ಕುರುಚಲು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿಕೊಂಡ. ದೊಡ್ಡ ಗೆಲುವಿನ ಬೆನ್ನಿಗೇ ಈ ಕುಸಿತ ಬಂದದ್ದನ್ನು ಗಮನಿಸಬೇಕು. ಹಬ್ಬದ ಮರುವಾರ ಎಷ್ಟೋ ಸೇವಕರ ಮನಸ್ಸು ಬರಿದಾಗುವುದು ಹೀಗೆಯೇ.

ಆಗ ದೇವರು ಮಾಡಿದ್ದೇನು? ಗದರಲಿಲ್ಲ. ಕರ್ಮೆಲಿನಲ್ಲಿ ಅಷ್ಟು ಧೈರ್ಯ ತೋರಿದವನು ಈಗ ಹೀಗೇಕೆ ಎಂದು ಕೇಳಲಿಲ್ಲ. ಎಲೀಯ ಮಲಗಿದ, ದೇವರು ಮಲಗಲು ಬಿಟ್ಟ. ದೇವದೂತ ಬಂದು ಮುಟ್ಟಿ ಎಬ್ಬಿಸಿ, ಏಳು, ಉಣ್ಣು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಎಲೀಯ ಮತ್ತೆ ಮಲಗಿಕೊಂಡ, ಅದಕ್ಕೂ ಬೇಸರವಿಲ್ಲ. ದೂತ ಎರಡನೆಯ ಸಲ ಬಂದು, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ಹೇಳಿ ಮತ್ತೆ ಉಣ್ಣಿಸಿದ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ: ಪ್ರವಾದಿಗೆ ದೇವರು ಕೊಟ್ಟ ಮೊದಲ ಚಿಕಿತ್ಸೆ ಇಷ್ಟೇ. ಮಾತುಕತೆ ನಡೆದದ್ದು ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ.

ಅಲ್ಲಿ ಗಾಳಿ, ಭೂಕಂಪ, ಬೆಂಕಿ ಕಳೆದು ಸಣ್ಣ ದನಿಯೊಂದು ಕೇಳಿದ್ದು ಎಲ್ಲರಿಗೂ ನೆನಪಿರುವ ಭಾಗ. ಅದರ ಮುಂದಿನದು ಅಷ್ಟಾಗಿ ನೆನಪಿರುವುದಿಲ್ಲ. ನಾನೊಬ್ಬನೇ ಉಳಿದಿದ್ದೇನೆ ಎಂದು ಎಲೀಯ ಎರಡು ಸಲ ಹೇಳಿಕೊಳ್ಳುತ್ತಾನೆ. ದೇವರು ಆ ಲೆಕ್ಕವನ್ನು ತಿದ್ದುತ್ತಾನೆ: ಬಾಳನಿಗೆ ಮೊಣಕಾಲೂರದ ಏಳು ಸಾವಿರ ಜನ ಇನ್ನೂ ಇದ್ದಾರೆ. ಜೊತೆಗೆ ಎಲೀಷನೆಂಬ ಸಹಾಯಕನನ್ನೂ ತೋರಿಸುತ್ತಾನೆ. ಎಲೀಯ ಹುಡುಕಿಕೊಂಡು ಹೋದಾಗ ಆ ಎಲೀಷ ಹನ್ನೆರಡು ಜೋಡಿ ಎತ್ತುಗಳ ಜೊತೆ ಹೊಲ ಉಳುತ್ತಿದ್ದ. ಹೊಟ್ಟೆಗೆ ರೊಟ್ಟಿ, ಕಣ್ಣಿಗೆ ನಿದ್ದೆ, ಜೊತೆಗೆ ಒಬ್ಬ ಮನುಷ್ಯ, ಕೈಗೆ ತನ್ನಿಂದಾಗುವಷ್ಟು ಕೆಲಸ. ಬಳಲಿದ ಸೇವಕನನ್ನು ಮತ್ತೆ ನಿಲ್ಲಿಸಲು ಇವಿಷ್ಟು ಬೇಕಾದವು.

ಹೊರೆ ಹಂಚುವ ಪಾಠವನ್ನು ಮೋಶೆಗೆ ಕಲಿಸಿದವನು ಅವನ ಮಾವ ಇತ್ರೋನ. ಮುಂಜಾನೆಯಿಂದ ಸಂಜೆಯವರೆಗೆ ಅಳಿಯನೊಬ್ಬನೇ ಕುಳಿತು ಜನರ ವ್ಯಾಜ್ಯ ಕೇಳುವುದನ್ನು ನೋಡಿ, ನೀನೂ ಬಳಲುತ್ತೀ, ನಿನ್ನ ಜನವೂ ಬಳಲುತ್ತದೆ ಎಂದ. ಸಾವಿರ, ನೂರು, ಐವತ್ತು, ಹತ್ತು ಜನರಿಗೊಬ್ಬ ಯೋಗ್ಯ ಹಿರಿಯನನ್ನು ನೇಮಿಸಿ, ಬಗೆಹರಿಯದ ದೊಡ್ಡ ಮಾತು ಮಾತ್ರ ನಿನ್ನ ಬಳಿ ಬರಲಿ ಎಂದು ಹೇಳಿಕೊಟ್ಟ. ಈ ಮಾತಿನ ಬೆಲೆ ಕೊಪ್ಪಳದವರಿಗೆ ವಿವರಿಸಬೇಕಾಗಿಲ್ಲ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಅಷ್ಟು ಜೋಳದ ರೊಟ್ಟಿಯನ್ನು ಯಾವ ಒಂದು ಅಡುಗೆಮನೆಯೂ ಬಡಿಯುವುದಿಲ್ಲ. ಸುತ್ತಲಿನ ಹಳ್ಳಿಗಳ ತಾಯಂದಿರು ತಮ್ಮ ತಮ್ಮ ಮನೆಯಲ್ಲಿ ಬಡಿದು, ಗಾಡಿ ಟ್ರ್ಯಾಕ್ಟರುಗಳಲ್ಲಿ ತುಂಬಿ ಕಳಿಸುತ್ತಾರೆ. ಹಂಚಿಕೊಂಡದ್ದರಿಂದಲೇ ಅದು ವರ್ಷ ವರ್ಷ ನಡೆದುಕೊಂಡು ಬಂದಿದೆ.

ಕನ್ನಡ ನಾಡಿನ ಕ್ರೈಸ್ತ ಸೇವೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲು ಕನ್ನಡ ಕಲಿಯಬೇಕಾಯಿತು, ಆಮೇಲೆ ಬೈಬಲ್ ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಲು ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು; ಜೊತೆಗೆ ವಿಲಿಯಂ ರೀವ್ ಅಂಥವರ ದುಡಿಮೆಯೂ ಇತ್ತು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಾಂಡ್ ಕಿಟೆಲ್ ನಿಘಂಟಿನ ಕೆಲಸವನ್ನು ಒಂದೇ ಉಸಿರಿನಲ್ಲಿ ಮುಗಿಸಲಿಲ್ಲ. ನಡುವೆ ಕೆಲವು ವರ್ಷ ಜರ್ಮನಿಯಲ್ಲಿದ್ದು, 1883ರಲ್ಲಿ ಮತ್ತೆ ಬಂದು, ಇಲ್ಲಿನ ಪಂಡಿತರ ನೆರವು ಪಡೆದು ದುಡಿದರು. ಸುಮಾರು 70,000 ಪದಗಳ ಆ ನಿಘಂಟು ಹೊರಬಂದದ್ದು 1894ರಲ್ಲಿ. ನಾವು ಇವತ್ತಿಗೂ ತೆರೆದು ನೋಡುವ ಪುಸ್ತಕದ ಹಿಂದೆ ಬಿಟ್ಟು ಹಿಡಿದು ಮಾಡಿದ ದುಡಿಮೆಯಿದೆ.

ಬಿಡುವು ಸಿಕ್ಕಿದರೂ, ಹೊರೆ ಹಗುರವಾದರೂ ಹೋಗದ ಒಣಗುವಿಕೆಯೂ ಒಂದಿದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಅದನ್ನು ನಡುಹಗಲಿನ ಪಿಶಾಚಿ ಎಂದು ಕರೆದು ವರ್ಣಿಸಿದ್ದಾನೆ. ಹೊತ್ತು ಸರಿಯುವುದೇ ಇಲ್ಲ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯಿಂದ ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಬರಬಾರದೇ ಎಂದು ಬಾಗಿಲು ಕಾಯುತ್ತಾನೆ. ಇರುವ ಜಾಗವೂ ಮಾಡುವ ಕೆಲಸವೂ ಬೇಡವೆನಿಸುತ್ತವೆ. ಏಪ್ರಿಲ್ ಮಧ್ಯಾಹ್ನವನ್ನು ಕೊಪ್ಪಳದಲ್ಲಿ ಕಳೆದವರಿಗೆ ಈ ವರ್ಣನೆ ಬೇಗ ಅರ್ಥವಾಗುತ್ತದೆ. ಅದೇ ಮರುಭೂಮಿಯ ಸಂತ ಅಂತೋನಿಯ ಕಥೆಯೊಂದಿದೆ. ಮನಸ್ಸು ಬೇಸತ್ತು ಕುಳಿತಿದ್ದಾಗ ಅವನಿಗೆ ತನ್ನಂತೆಯೇ ಇರುವ ಒಬ್ಬ ಮನುಷ್ಯ ಕಂಡ. ಆ ಮನುಷ್ಯ ಕುಳಿತು ಹಗ್ಗ ಹೆಣೆಯುತ್ತಿದ್ದ, ಎದ್ದು ಪ್ರಾರ್ಥಿಸುತ್ತಿದ್ದ, ಮತ್ತೆ ಕುಳಿತು ಹೆಣೆಯುತ್ತಿದ್ದ. ನೀನೂ ಹೀಗೆ ಮಾಡು ಎಂಬ ಮಾತು ಕೇಳಿತು. ಈ ಬಗೆಯ ಬೇಸರಕ್ಕೆ ಆ ಹಿರಿಯರು ಕೊಟ್ಟ ಮದ್ದು ಕೈಗೆ ಸಣ್ಣ ಕೆಲಸ, ಬಾಯಿಗೆ ಸಣ್ಣ ಪ್ರಾರ್ಥನೆ, ಎರಡೂ ಹೊತ್ತಿಗೆ ಸರಿಯಾಗಿ.

ಮದರ್ ತೆರೆಸಾ 1997ರಲ್ಲಿ ತೀರಿಕೊಂಡು ಹತ್ತು ವರ್ಷವಾದ ಮೇಲೆ, 2007ರಲ್ಲಿ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಲೋಕಕ್ಕೆ ಬೆರಗಾಯಿತು. ದಶಕಗಳ ಕಾಲ ಅವರು ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಸವಿಯನ್ನೇ ಕಾಣದೆ ಕತ್ತಲಲ್ಲಿ ನಡೆದಿದ್ದರು. ಆದರೂ ಬೆಳಗಿನ ಪ್ರಾರ್ಥನೆ ಬಿಡಲಿಲ್ಲ, ರೋಗಿಗಳ ಆರೈಕೆ ಬಿಡಲಿಲ್ಲ. ಆ ಪತ್ರಗಳಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ: ಅವನ್ನು ಅವರು ಬರೆದದ್ದು ತಮಗೆ ಆತ್ಮಿಕ ಮಾರ್ಗದರ್ಶನ ನೀಡುತ್ತಿದ್ದ ಗುರುಗಳಿಗೆ. ಕತ್ತಲನ್ನು ಒಬ್ಬರೇ ನುಂಗಿಕೊಳ್ಳಲಿಲ್ಲ, ನಂಬಿಕೆಯಿಟ್ಟ ಕೆಲವರಲ್ಲಿ ಹೇಳಿಕೊಂಡರು. ನಮ್ಮ ಊರಿನ ಅಯ್ಯನವರಿಗೆ, ಸಿಸ್ಟರಿಗೆ ಹೀಗೆ ಹೇಳಿಕೊಳ್ಳಲು ಯಾರಿದ್ದಾರೆ? ಎಲ್ಲರೂ ಅವರ ಬಳಿ ಕಷ್ಟ ಹೇಳಿಕೊಳ್ಳಲು ಹೋಗುವವರೇ. ಪಕ್ಕದ ತಾಲೂಕಿನ ಇನ್ನೊಬ್ಬ ಪಾಸ್ಟರ್, ನಿವೃತ್ತರಾದ ಹಿರಿಯ ಫಾದರ್, ಸೆಮಿನರಿಯ ದಿನಗಳ ಗೆಳೆಯ, ಇವರಲ್ಲಿ ಯಾರಾದರೂ ಒಬ್ಬರೊಡನೆ ತಿಂಗಳಿಗೊಮ್ಮೆ ಮನಬಿಚ್ಚಿ ಕೂರುವುದು ದೊಡ್ಡ ಆಸರೆ.

ಈ ಬಳಲಿಕೆ, ಒಣಗುವಿಕೆಗಳಲ್ಲದೆ ಮೂರನೆಯದೂ ಒಂದಿದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ ಅದು ಖಿನ್ನತೆಯ ಕಾಯಿಲೆ ಇರಬಹುದು. ಅದಕ್ಕೆ ವೈದ್ಯರು ಬೇಕು. ಪ್ರಾರ್ಥನೆಗೂ ಗುಳಿಗೆಗೂ ಜಗಳವಿಲ್ಲ. ಸುವಾರ್ತೆ ಬರೆದ ಲೂಕನೇ ವೈದ್ಯನಾಗಿದ್ದವನು. ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಹೆಮ್ಮೆಯ ಚರಿತ್ರೆಯೂ ಇದೆ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಗೋಡೆ ದಾಟಿಸಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಆರಂಭಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಈಗ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಯ್ಯನವರಾದರೇನು, ಜ್ವರಕ್ಕೆ ಡಾಕ್ಟರ ಬಳಿ ಹೋಗುವ ನಾವು ಇದಕ್ಕೂ ಹೋಗಬೇಕು.

ದಣಿವು ಬಲಿಪೀಠದ ಹತ್ತಿರ ನಿಂತವರಿಗೆ ಮಾತ್ರ ಬರುವುದಲ್ಲ. ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿರುವ ಟೀಚರ್, ಪ್ರೀತಿಭೋಜನ ಬಂದಾಗಲೆಲ್ಲ ಒಲೆಯ ಮುಂದೆ ನಿಲ್ಲುವ ಅದೇ ಇಬ್ಬರು ಅಕ್ಕಂದಿರು, ಗುಡಿಯ ಲೆಕ್ಕ ಬರೆಯುವ ಖಜಾಂಚಿ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತ ಭಾನುವಾರ ತಪ್ಪಿಸಿಕೊಂಡೆನಲ್ಲ ಎಂದು ಕೊರಗುವ ಸೊಸೆ, ಇವರೆಲ್ಲರಿಗೂ ಬರುತ್ತದೆ. ಕ್ರೈಸ್ತರಲ್ಲದ ಮನೆಗಳಲ್ಲೂ ದೇವರ ಕೆಲಸ, ಊರ ಕೆಲಸ ಎಂದು ಓಡಾಡಿ ಒಳಗೊಳಗೇ ಬತ್ತಿದವರು ಇದ್ದಾರೆ. ಯೇಸು ತನ್ನ ಶಿಷ್ಯರಿಗೆ ಉಣ್ಣಲೂ ಹೊತ್ತಿಲ್ಲದಷ್ಟು ಜನಜಂಗುಳಿ ಆದಾಗ, ಬನ್ನಿ, ಏಕಾಂತದಲ್ಲಿ ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ದೋಣಿ ಹತ್ತಿಸಿದ. ದಡ ಮುಟ್ಟುವಷ್ಟರಲ್ಲಿ ಜನ ಅಲ್ಲಿಗೂ ಬಂದಿದ್ದರು, ಅವರಿಗೆ ಬೋಧಿಸಿ ಉಣ್ಣಿಸಿದ್ದೂ ಆಯಿತು. ಆದರೆ ಆ ಸಂಜೆಯೇ ಶಿಷ್ಯರನ್ನು ಮುಂದೆ ಕಳಿಸಿ, ಗುಂಪನ್ನು ಬೀಳ್ಕೊಟ್ಟು, ಒಬ್ಬನೇ ಬೆಟ್ಟಕ್ಕೆ ಹೋದ. ತಪ್ಪಿದ ಬಿಡುವನ್ನು ಅಂದೇ ಸಂಜೆ ಮತ್ತೆ ಹುಡುಕಿಕೊಳ್ಳುವುದನ್ನೂ ಗುರುವಿನಿಂದಲೇ ಕಲಿಯಬಹುದು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸಭೆಯ ಹಿರಿಯರು ಮುಂದಿನ ಸಲ ಸೇರಿದಾಗ ಅಯ್ಯನವರಿಗೆ ವಾರದಲ್ಲಿ ಒಂದು ದಿನ ಬಿಡುವು ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಆ ದಿನದ ಫೋನು ಕರೆಗಳನ್ನು ಹಿರಿಯರಲ್ಲೊಬ್ಬರು ತೆಗೆದುಕೊಳ್ಳಲಿ. ಆಸ್ಪತ್ರೆಯ ಭೇಟಿಗೆ ಇಬ್ಬರು, ಮನೆ ಪ್ರಾರ್ಥನೆಗೆ ಇಬ್ಬರು, ಅಡುಗೆಗೆ ಸರದಿಯ ಮೇಲೆ ನಾಲ್ಕು ಮನೆ ಮುಂದೆ ಬರಲಿ. ಬಳಲಿದವರು ಇನ್ನೊಂದು ಉಪವಾಸ ಹಿಡಿಯುವ ಮುನ್ನ ಒಂದು ರಾತ್ರಿ ತುಂಬ ನಿದ್ದೆ ಮಾಡಲಿ. ಇನ್ನು ನೀವು ಈ ವಾರ ಅಯ್ಯನವರ ಮನೆಗೆ ಹೋದರೆ, ನಮಗಾಗಿ ಪ್ರಾರ್ಥನೆ ಮಾಡ್ರಿ ಎನ್ನುವ ಮೊದಲು, ಊಟ ಆತ್ರಿ, ರಾತ್ರಿ ನಿದ್ದಿ ಬಂತ್ರಿ ಎಂದು ಒಮ್ಮೆ ಕೇಳಿ.